ಸುಣ್ಣದ ಗೋಡೆ

ನಗಬೇಕಾದ ಕತೆಯೇ ಇದು, ಆದರೆ ನಕ್ಕರೆ ನನಗೆ ಹೊಟ್ಟೆ ಉರಿಯುತ್ತೆ ಕಣ್ರಪ್ಪ.

ನಮ್ಮ ಹಟ್ಟಿಯ ಶಾಲೆಗೆ ಇದ್ದದ್ದು ಒಂದೇ ಕೋಣೆ. ಐದು ತರಗತಿ, ಒಬ್ಬರೇ ಮೇಷ್ಟ್ರು. ಒಂದು ದಿನ ಶಾಲೆ ತಪಾಸಣೆಗೆ ಜೀಪಿನಲ್ಲಿ ಸಾಹೇಬರು ಬಂದರು.

"ತರಗತಿಗೊಂದು ಕೋಣೆ ಇರಬೇಕು. ಸೋಮವಾರ ಬರ್ತೀನಿ. ಇಲ್ಲದಿದ್ದರೆ ಶಾಲೆಗೆ ಬೀಗ!"

ಬೀಗ ಬಿದ್ದರೆ ಹಳ್ಳದಾಚೆಯ ಶಾಲೆಗೆ ಹೆಣ್ಣುಮಕ್ಕಳನ್ನು ಯಾರು ಕಳಿಸುತ್ತಾರೆ? ಎಲ್ಲರೂ ಕುರಿ ಹಿಂದೆಯೇ. ಮೇಷ್ಟ್ರು ತಲೆಮೇಲೆ ಕೈ ಹೊತ್ತು ಕೂತರು.

ಬಿಸಿಯೂಟ ಮಾಡುವ ತಿಪ್ಪಕ್ಕ ಮಾತ್ರ ಸುಣ್ಣ ಕಲಸಿದಳು. ಕುಂಟೆಬಿಲ್ಲೆ ಆಟಕ್ಕೆ ಬರೆದ ಹಾಗೆ ನೆಲದ ಮೇಲೆ ಐದು ಮನೆ ಬರೆದಳು. ಮನೆಗೊಂದು ತರಗತಿ ಕೂರಿಸಿದಳು.

ಸೋಮವಾರ ಸಾಹೇಬರು ದಡದಡ ಒಳಗೆ ನುಗ್ಗಿದರು.

"ಗೆರೆ ತುಳಿದ್ರು! ಔಟು!" ಮಕ್ಕಳೆಲ್ಲ ಕಿರುಚಿದವು. ಸಾಹೇಬರು ಬೆಚ್ಚಿ ಒಂದು ಕಾಲೆತ್ತಿ ನಿಂತರು.

"ಏನಮ್ಮಾ ಇದು?"

"ಗೋಡೆ ಸ್ವಾಮಿ. ಮೂರನೇ ತರಗತಿ ಗೋಡೆ ಹತ್ತಿದ್ದೀರಿ. ಇಳೀರಿ, ಬಿದ್ದೀರಿ."

"ಗೋಡೆ ಕಾಣೋದೇ ಇಲ್ಲವಲ್ಲ!"

"ನೀವು ವರ್ಷವರ್ಷ ಕೊಡ್ತೀವಿ ಅಂದ ಕೋಣೆನೂ ಕಾಣಲ್ಲ ಸ್ವಾಮಿ. ನಾವು ನಂಬಿಲ್ವಾ?"

ಸಾಹೇಬರಿಗೆ ನಗು ತಡೆಯಲಿಲ್ಲ. ಕುಂಟುತ್ತಲೇ ಹೊರಗೆ ಹೋದರು. ಬೀಗ ತಪ್ಪಿತು. ತಿಪ್ಪಕ್ಕನ ಬಾಯಿಗೆ ಬೆಲ್ಲ ಹಾಕಿದೆವು.

ಮರುವರ್ಷ ಊರವರು ಕೋಣೆ ಕಟ್ಟಿಸಿಕೊಡಿ ಅಂತ ಅದೇ ಸಾಹೇಬರ ಹತ್ತಿರ ಹೋದರು.

"ನಿಮಗ್ಯಾಕ್ರೀ ಕೋಣೆ? ಐದಿದೆಯಲ್ಲ, ನಾನೇ ನೋಡಿದೀನಿ" ಅಂದರು.

ತಿಪ್ಪಕ್ಕ ಈಗಲೂ ಸೋಮವಾರ ಬಂದರೆ ಸುಣ್ಣ ಕಲಸುತ್ತಾಳೆ. ಮಳೆ ಬಂದರೆ ಐದೂ ಕೋಣೆ ಒಟ್ಟಿಗೇ ಸೋರುತ್ತವೆ.