ಕೆಂಚನ ಕೊರಳಿನ ಮಣಿ

ಹತ್ತಿರ ಬನ್ನಿ ಮಕ್ಕಳೇ, ಕಾಲು ಮಡಚಿ ಕೂತ್ಕೊಳ್ಳಿ. ಮನೇಲಿ ನಾಯಿ ಇದ್ದರೆ ಅದನ್ನೂ ಕರ್ಕೊಂಡು ಬನ್ನಿ. ಇದು ಅದರ ಕಥೆಯೂ ಹೌದು.

ಬಿಳಿಗಲ್ಲು ಅಂತ ಒಂದು ರಾಜ್ಯ ಇತ್ತು. ಅದನ್ನು ಹೊನ್ನರಸ ಅನ್ನೋ ದೊರೆ ಆಳುತ್ತಿದ್ದ. ಒಳ್ಳೆಯ ದೊರೆ. ಆದರೆ ಪಾಪ, ಅವನಿಗೆ ನೆಮ್ಮದಿ ಇರಲಿಲ್ಲ. ಯಾಕೆ ಗೊತ್ತಾ? ನಾಯಿ ಜಗಳ! ನಾಯಿಗಳು ಆಡೋ ಜಗಳ ಅಲ್ಲ, ನಾಯಿ ಸಾಕಿದವರು ಆಡೋ ಜಗಳ. ಆ ರಾಜ್ಯದಲ್ಲಿ ಮನೆಗೊಂದು ನಾಯಿ. ಎಲ್ಲದಕ್ಕೂ ಒಂದೇ ಕಂದು ಬಣ್ಣ, ಒಂದೇ ಥರದ ಡೊಂಕು ಬಾಲ. ಕಳೆದುಹೋದ ನಾಯಿ ಸಿಕ್ಕಿದರೆ "ನಂದು" ಅನ್ನೋಕೆ ಇಬ್ಬರು ಬರುತ್ತಿದ್ದರು. ಅದೇ ನಾಯಿ ಯಾರಿಗಾದರೂ ಕಚ್ಚಿದರೆ "ನಂದಲ್ಲ" ಅನ್ನೋಕೆ ಊರಿಗೆ ಊರೇ ಬರುತ್ತಿತ್ತು.

ಈ ಜಗಳ ಬಗೆಹರಿಸೋಕೆ ಅಲ್ಲಿ ತಾತ ಮುತ್ತಾತರ ಕಾಲದ ಒಂದು ಪದ್ಧತಿ. ಊರ ಮುಂದೆ ಕೂಗುಕಟ್ಟೆ ಅಂತ ಒಂದು ಕಲ್ಲಿನ ಕಟ್ಟೆ. ನಾಯಿಯನ್ನು ಅದರ ಮೇಲೆ ನಿಲ್ಲಿಸೋದು. ಆಚೆಗೊಬ್ಬರು ಈಚೆಗೊಬ್ಬರು ನಿಂತು ಕೂಗೋದು. ನಾಯಿ ಯಾರ ಹತ್ತಿರ ಓಡುತ್ತೋ ಅವರದೇ ನಾಯಿ. ಅಲ್ಲಿಗೆ ಮಾತು ಮುಗೀತು. ದೊರೆಯೇ ಬಂದು ನ್ಯಾಯ ನೋಡಬೇಕು. ದಿನಾ ಅಲ್ಲಿ ನಿಂತು ನಿಂತು ಹೊನ್ನರಸನ ಕಾಲು ಬಾತುಹೋಗಿತ್ತು.

ಕೊನೆಗೆ ದೊರೆ ಒಂದು ಉಪಾಯ ಮಾಡಿದ. ಅರಮನೆಯ ಅಕ್ಕಸಾಲಿಯಿಂದ ಬೆಳ್ಳಿಯ ಮಣಿ ಮಾಡಿಸಿದ. ಜೀರಿಗೆ ಕಾಳಿನಷ್ಟೇ ಮಣಿ, ಆದರೆ ಅದು ಮಾತಾಡೋ ಮಣಿ. ಯಜಮಾನನ ಹೆಸರನ್ನು ಅದರ ಕಿವಿಗೆ ಒಂದು ಸಲ ಹೇಳಿ, ನಾಯಿಯ ಕೊರಳ ಚರ್ಮದೊಳಗೆ ಸೇರಿಸಬೇಕು. ಆಮೇಲೆ ಅರಮನೆಯ ಶಂಖವನ್ನು ಕೊರಳಿಗೆ ಹಿಡಿದರೆ ಸಾಕು, ಮಣಿ ಆ ಹೆಸರು ಹೇಳುತ್ತೆ. ಒಂದು ಸಲ ಕೇಳಿದ ಹೆಸರನ್ನು ಅದು ಜನ್ಮದಲ್ಲಿ ಬದಲಿಸೋದಿಲ್ಲ. ದೊರೆ ಡಂಗುರ ಹೊಡೆಸಿದ: "ಕೇಳ್ರಪ್ಪೋ ಕೇಳಿ! ಪ್ರತಿ ಸಾಕುನಾಯಿಗೂ ಮಣಿ ಹಾಕಿಸಲೇಬೇಕು!"

ಹಾಕಿಸಲೇಬೇಕು ಅಂದದ್ದೇ ತಡ, ಊರು ಎರಡಾಯಿತು. ಕೂಗುಕಟ್ಟೆ ಹತ್ತಿರ ದೊರೆಯ ಮುಂದೆ ಸಭೆ ಸೇರಿತು.

"ಬಾಯಿಲ್ಲದ ಜೀವ, ಅದಕ್ಕೆ ನೋವಾಗಲ್ವಾ?" ಅಂದ ಒಬ್ಬ.

"ಇವತ್ತು ನಾಯಿಗೆ ಹಾಕ್ತಾರೆ, ನಾಳೆ ನಮಗೂ ಹಾಕ್ತಾರೆ!" ಅಂದ ಇನ್ನೊಬ್ಬ.

"ಸಾಕುನಾಯಿಗೆ ಸರಿ, ಬೀದಿ ನಾಯಿಗೆ ಯಾರ ಹೆಸರು ಹೇಳೋದು?" ಅಂದ ಮತ್ತೊಬ್ಬ.

ಬಳೆ ಮಾರೋ ಈರಮ್ಮ ಮಾತ್ರ ಎದ್ದು ನಿಂತು, "ಮಣಿ ಇರಲಿ ಕಣ್ರಪ್ಪ. ನನ್ನ ನಾಯಿ ಕಳೆದುಹೋಯ್ತು. ಮಣಿ ಇದ್ದಿದ್ರೆ ಇಷ್ಟೊತ್ತಿಗೆ ಮನೇಲಿರ್ತಿತ್ತು" ಅಂದಳು.

ಆಗ ಎದ್ದಳು ನೋಡಿ ಕುರಿ ಕಾಯೋ ಸಿರಿಯವ್ವ. ಹುಲ್ಲುಗಾವಲಿನ ಅಂಚಿನಲ್ಲಿ ಅವಳ ಗುಡಿಸಲು. ಒಂದು ಮಂದೆ ಕುರಿ, ಅದನ್ನು ಕಾಯೋಕೆ ಕೆಂಚ ಅನ್ನೋ ನಾಯಿ, ಇಷ್ಟೇ ಅವಳ ಸಂಸಾರ. ಮುದ್ದೆ ಮುರಿದ ಕೂಡಲೇ ಮೊದಲ ತುತ್ತು ಕೆಂಚನಿಗೆ, ಆಮೇಲೆ ತನಗೆ. ಕೆಂಚ ಇರೋ ತನಕ ತೋಳ ಅವಳ ಮಂದೆ ಕಡೆ ತಲೆ ಹಾಕಿದ್ದಿಲ್ಲ.

"ಏನ್ ಈರಮ್ಮ, ಪ್ರೀತಿಯಿಂದ ಸಾಕಿದ್ರೆ ನಾಯಿ ಯಾಕೆ ಕಳೆದುಹೋಗುತ್ತೆ?" ಅಂತ ಸಿರಿಯವ್ವ ನಕ್ಕಳು. "ನನ್ನ ಕೆಂಚನಿಗೆ ನನ್ನ ದನಿ ಗೊತ್ತು. ಅದಕ್ಕಿಂತ ಗುರುತು ಬೇಕಾ? ನಮ್ಮ ಕೂಗುಕಟ್ಟೆ ಒಂದೇ ಸಾಕು, ಬುದ್ಧೀ!"

ಈರಮ್ಮ ತಲೆ ತಗ್ಗಿಸಿ ಕೂತಳು. ಗುಂಪಿನಿಂದ ಒಬ್ಬ ಜೋರಾಗಿ ಚಪ್ಪಾಳೆ ಹೊಡೆದ. "ಭಲೇ ಸಿರಿಯಕ್ಕ! ಪ್ರೀತಿಗೆ ಮಣಿ ಯಾಕೆ?" ಅಂದ. ಯಾರವನು? ಬೇಟೆನಾಯಿ ಮಾರೋ ಜಟ್ಟಣ್ಣ. ಉದ್ದ ತೋಳಿನ ಅಂಗಿ, ಮೈಮೇಲೆ ಗಂಧದ ವಾಸನೆ, ಬಾಯಲ್ಲಿ ಬೆಲ್ಲ. ಅವನ ಚಪ್ಪಾಳೆಗೆ ಸಭೆಯೆಲ್ಲ ಚಪ್ಪಾಳೆ. ಜನ ಬೇಡ ಅಂದಮೇಲೆ ಬೇಡ ಅಂತ ದೊರೆ ಮಣಿಗಳನ್ನು ಡಬ್ಬಿಗೆ ಹಾಕಿಸಿದ.

ಅದಾಗಿ ಸ್ವಲ್ಪ ದಿನಕ್ಕೆ ಕೆಂಚ ಕಾಣೆಯಾದ.

ಸಿರಿಯವ್ವ ಹಳ್ಳ ಹುಡುಕಿದಳು, ಸಿಗಲಿಲ್ಲ. ಗುಡ್ಡ ಹುಡುಕಿದಳು, ಸಿಗಲಿಲ್ಲ. ಊರೊಳಗೆ ಹುಡುಕಿಕೊಂಡು ಹೋದಾಗ ಜಟ್ಟಣ್ಣನ ಹಿತ್ತಿಲಲ್ಲಿ ಕೆಂಚ! ಕೊರಳಿಗೆ ಹೊಸ ಪಟ್ಟಿ, ಪಟ್ಟಿಗೆ ಸರಪಳಿ.

"ಜಟ್ಟಣ್ಣ, ಇದು ನನ್ನ ಕೆಂಚ ಕಣಪ್ಪ."

"ಯಾವ ಕೆಂಚ ಅಕ್ಕ? ಇದು ನಮ್ಮ ಮನೇಲೇ ಹುಟ್ಟಿದ ನಾಯಿ. ಅನುಮಾನ ಇದ್ರೆ ಕೂಗುಕಟ್ಟೆ ಇದೆಯಲ್ಲ. ನೀವೇ ಹೇಳಿದ್ರಲ್ಲ, ಅದೊಂದೇ ಸಾಕು ಅಂತ!"

ಸಿರಿಯವ್ವ ಹೆದರಲಿಲ್ಲ. ಕೆಂಚ ಅವಳ ದನಿ ಕೇಳಿದರೆ ಗುಡ್ಡದಾಚೆಯಿಂದಲೂ ಓಡಿಬರುವವನು. ಮಾರನೆಯ ದಿನ ಕೆಂಚನನ್ನು ಕಟ್ಟೆ ಹತ್ತಿಸಿದರು. "ಬಾರೋ ಕೆಂಚಾ!" ಅಂತ ಅವಳು ಕೂಗಿದಳು. ಕೆಂಚ ಕಿವಿ ನಿಮಿರಿಸಿದ, ಎರಡು ಹೆಜ್ಜೆ ಇಟ್ಟ. ಅಷ್ಟರಲ್ಲಿ ಜಟ್ಟಣ್ಣ ಅಂಗಿಯ ಉದ್ದ ತೋಳನ್ನು ಹಾಗೊಮ್ಮೆ ಹೀಗೊಮ್ಮೆ ಬೀಸಿ, "ಬಾ ಮಗನೇ" ಅಂದ. ಕೆಂಚ ಗಕ್ಕನೆ ತಿರುಗಿದ. ಸಿರಿಯವ್ವನನ್ನು ಉಜ್ಜಿಕೊಂಡೇ ಹಾದು ಜಟ್ಟಣ್ಣನ ತೋಳಿಗೆ ಮೂಗು ತುರುಕಿದ.

"ನಾಯೀನೇ ಹೇಳ್ತಲ್ಲ!" ಅಂದರು ಜನ. ಮಾತು ಮುಗೀತು.

ಸಿರಿಯವ್ವ ಗುಡಿಸಲಿಗೆ ಬಂದು ಗೋಳೋ ಅಂತ ಅತ್ತಳು. ಮುದ್ದೆ ಮುರಿದರೆ ಮೊದಲ ತುತ್ತು ತಿನ್ನೋರಿಲ್ಲ. ತೋಳಕ್ಕೆ ಸುದ್ದಿ ಮುಟ್ಟೋಕೆ ಎಷ್ಟು ಹೊತ್ತು? ಒಂದು ಮರಿ ಹೋಯಿತು. ಇನ್ನೊಂದು ಹೋಯಿತು. ಮೂರನೆಯದೂ ಹೋಯಿತು. ಹೀಗೇ ಆದರೆ ಮಂದೆಯೇ ಉಳಿಯೋದಿಲ್ಲ.

ಆದರೂ ಅವಳಿಗೆ ಕೆಂಚನ ಮೇಲೆ ಸಿಟ್ಟು ಬರಲಿಲ್ಲ. ಅವನು ಉಜ್ಜಿಕೊಂಡು ಹೋದಾಗ ಅವಳ ಕೈಗೆ ಒಂದು ಸಂಗತಿ ತಾಕಿತ್ತು. ಅವನ ಪಕ್ಕೆಲುಬು. ಒಂದೊಂದೂ ಎಣಿಸೋ ಹಾಗಿತ್ತು. 'ಅಯ್ಯೋ, ಜಟ್ಟಣ್ಣ ಉಪವಾಸ ಕೆಡವಿದ್ದಾನೆ! ಆ ತೋಳಿನಲ್ಲಿ ಮಾಂಸ ಇತ್ತು. ನನ್ನ ಕೂಸು ನನ್ನನ್ನ ಬಿಟ್ಟು ಹೋಗಲಿಲ್ಲ, ಹಸಿವು ಅವನನ್ನ ಎಳ್ಕೊಂಡು ಹೋಯ್ತು' ಅಂತ ಅವಳಿಗೆ ಹೊಳೆಯಿತು.

ನೆಟ್ಟಗೆ ಈರಮ್ಮನ ಮನೆಗೆ ಹೋದಳು. "ಅವತ್ತು ನಿನ್ನ ನೋಡಿ ನಕ್ಕಿದ್ದು ನಂದು ತಪ್ಪು ಕಣವ್ವ" ಅಂದಳು. ಈರಮ್ಮ ಅವಳನ್ನು ಒಳಗೆ ಕರೆದು ಕೂರಿಸಿ, "ಅಕ್ಕ, ಸುದ್ದಿ ಕೇಳಿದ್ಯಾ? ಜಟ್ಟಣ್ಣ ಅರಮನೆಗೆ ಹೋಗಿದ್ದಾನಂತೆ. ಮಣಿ ಹಾಕಿಸಿ ಮಹಾಸ್ವಾಮಿ, ಮೊದಲು ನನ್ನ ನಾಯಿಗಳಿಗೇ ಹಾಕಿಸಿ ಅಂತ ಕಾಲು ಹಿಡಿದನಂತೆ" ಅಂದಳು.

ಸಿರಿಯವ್ವ ತಟ್ಟನೆ ಎದ್ದು ನಿಂತಳು. ಬೇಡ ಅಂತ ಚಪ್ಪಾಳೆ ಹೊಡೆದವನೇ ಈಗ ಬೇಕು ಅಂತಾನೆ! ಕದ್ದ ನಾಯಿಗಳಿಂದ ಹಿತ್ತಿಲು ತುಂಬೋ ತನಕ ಅವನಿಗೆ ಗುರುತು ಬೇಡವಾಗಿತ್ತು. ಹಿತ್ತಿಲು ತುಂಬಿದ ಮೇಲೆ ಗುರುತು ಬೇಕಾಯಿತು. ಮಣಿಯ ಕಿವಿಗೆ 'ಜಟ್ಟಣ್ಣ' ಅಂತ ಒಂದು ಸಲ ಬಿದ್ದರೆ ಕೆಂಚ ಜನ್ಮಪೂರ್ತಿ ಅವನ ಸರಪಳಿಗೇ.

ಇಬ್ಬರೂ ಸೆರಗು ಸಿಕ್ಕಿಸಿಕೊಂಡು ಅರಮನೆಗೆ ನಡೆದರು. ಜಟ್ಟಣ್ಣ ಇನ್ನೂ ಅಲ್ಲೇ ಕೈಕಟ್ಟಿ ನಿಂತಿದ್ದ.

"ಬುದ್ಧೀ," ಅಂದಳು ಸಿರಿಯವ್ವ, "ಮಣಿ ಬೇಡ ಅಂದವಳು ನಾನೇ. ಈಗ ಹಾಕಿಸಿ ಅಂತಾನೂ ನಾನೇ ಕೇಳ್ತೀನಿ. ಒಂದು ಮಾತು ಮಾತ್ರ ನಡೆಸಿಕೊಡಬೇಕು. ಮಣಿ ಹಾಕೋ ದಿನ ಊರಿನ ನಾಯಿಗಳಿಗೆಲ್ಲ ಅರಮನೆ ಊಟ ಹಾಕಿಸಿ, ಇನ್ನು ಸಾಕು ಅನ್ನೋ ತನಕ. ಆಮೇಲೆ ಕೂಗುಕಟ್ಟೆ. ಕೂಗಿದವರ ಹತ್ತಿರ ನಾಯಿ ತಾನಾಗಿ ಬಂದ್ರೆ ಮಾತ್ರ ಆ ಹೆಸರು ಮಣಿಗೆ ಹೇಳಿ."

"ಅಷ್ಟೇನಾ ತಾಯಿ?"

"ಅಷ್ಟೇ ಬುದ್ಧೀ."

ದೊರೆ ಜಟ್ಟಣ್ಣನ ಕಡೆ ನೋಡಿದ. ಜಟ್ಟಣ್ಣ ಒಳಗೊಳಗೇ ನಕ್ಕ. ಅವನ ಲೆಕ್ಕದಲ್ಲಿ ನಾಯಿಯ ಹೊಟ್ಟೆಗೆ ತಳವೇ ಇರಲಿಲ್ಲ. ಅವನ ಹಿತ್ತಿಲಲ್ಲಿ ಹೊಟ್ಟೆ ತುಂಬಿದ ನಾಯಿಯನ್ನು ಅವನು ಯಾವತ್ತಾದರೂ ಕಂಡಿದ್ದರೆ ತಾನೇ! "ಧಾರಾಳವಾಗಿ ಆಗಲಿ ಮಹಾಸ್ವಾಮಿ" ಅಂದ.

ಆ ದಿನ ಬಂತು. ದೊಡ್ಡ ದೊಡ್ಡ ಕೊಪ್ಪರಿಗೆಯಲ್ಲಿ ಮಾಂಸದ ಅನ್ನ ಬೆಂದಿತು. ಜಟ್ಟಣ್ಣನ ನಾಯಿಗಳು ತಿಂದವು, ತಿಂದವು, ತಿಂತಾನೇ ಇದ್ದವು. ಕೊನೆಗೆ ಹೊಟ್ಟೆ ನಗಾರಿಯಾಗಿ, ಎಲೆ ಬಿಟ್ಟು ಎದ್ದು ನೆರಳಿಗೆ ಹೋದವು.

ಕೆಂಚನನ್ನು ಕಟ್ಟೆ ಮೇಲೆ ಬಿಟ್ಟರು. ಮೊದಲ ಸರದಿ ಜಟ್ಟಣ್ಣನದು.

ಒಂದು ಸಲ ಕರೆದ, "ಬಾ ಮಗನೇ." ಕೆಂಚ ಬಾಯಿ ನೆಕ್ಕಿಕೊಂಡು ಮಲಗಿದ.

ಎರಡನೇ ಸಲ ತೋಳು ಬೀಸಿ ಕರೆದ, "ಬಾರೋ ಚಿನ್ನ." ಕೆಂಚ ಆಕಳಿಸಿದ.

ಮೂರನೇ ಸಲಕ್ಕೆ ಅವನಿಗೆ ತಾಳ್ಮೆ ತಪ್ಪಿತು. ತೋಳಿಗೆ ಕೈ ಹಾಕಿ ಒಂದು ದಪ್ಪ ಮಾಂಸದ ತುಂಡು ಹೊರಗೆಳೆದ, "ತಗೋ, ತಿನ್ನು, ಬಾ!" ಅಂತ ಅರಚಿದ. ಊರಿಗೆ ಊರೇ ಆ ತುಂಡು ನೋಡಿತು. ದೊರೆಯೂ ನೋಡಿದ. ಕೆಂಚ ಮಾತ್ರ ಮೂಸಿ ನೋಡಿ ಮುಖ ತಿರುಗಿಸಿದ.

ಈಗ ಸಿರಿಯವ್ವನ ಸರದಿ. ಅವಳು ಕೂಗಲಿಲ್ಲ. "ಕೆಂಚಾ..." ಅಂದಳು, ಮನೆಯೊಳಗೆ ಕರೆಯೋಷ್ಟು ಮೆಲ್ಲಗೆ. ಅಷ್ಟೇ! ಕೆಂಚ ತುಂಬಿದ ಹೊಟ್ಟೆ ಹೊತ್ತುಕೊಂಡೇ ಕಟ್ಟೆಯಿಂದ ಹಾರಿದ. ಅವಳ ಎದೆಗೆ ಕಾಲು ಹಾಕಿ ಮುಖವೆಲ್ಲ ನೆಕ್ಕಿದ. ಅವಳು ನಗುತ್ತಾನೂ ಇದ್ದಳು, ಅಳುತ್ತಾನೂ ಇದ್ದಳು. ಈರಮ್ಮ ಕರೆದಳು, ಕಳೆದುಹೋಗಿದ್ದ ಅವಳ ನಾಯಿ ಜಟ್ಟಣ್ಣನ ನಾಯಿಗಳ ನಡುವಿನಿಂದ ಓಡಿಬಂತು. ನಾಯಿ ಕಳೆದುಕೊಂಡ ಇನ್ನುಳಿದವರೂ ಕರೆದರು. ನೋಡನೋಡುತ್ತಾ ಜಟ್ಟಣ್ಣನ ಕೈಯಲ್ಲಿ ಸರಪಳಿ ಮಾತ್ರ ಉಳಿಯಿತು.

"ಜಟ್ಟಣ್ಣ," ಅಂದ ದೊರೆ, "ಹಸಿವನ್ನ ಚೆನ್ನಾಗಿ ಬಲ್ಲೆ ನೀನು. ಇವತ್ತಿನಿಂದ ರಾಜ್ಯದ ಬೀದಿ ನಾಯಿಗಳಿಗೆಲ್ಲ ಅನ್ನ ಬೇಯಿಸಿ ಹಾಕೋದೇ ನಿನ್ನ ಕೆಲಸ. ಅವುಗಳ ಮಣಿಗೆ ನನ್ನ ಹೆಸರೇ ಹೇಳ್ತೀನಿ. ಒಂದು ನಾಯಿಯ ಪಕ್ಕೆಲುಬು ಕಂಡರೂ ನಿನ್ನನ್ನೇ ಕೇಳ್ತೀನಿ!"

ಮಣಿ ಹಾಕಿಸೋಕೆ ಎಲ್ಲರಿಗಿಂತ ಮೊದಲು ಸಿರಿಯವ್ವ ಕೆಂಚನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಮಣಿ ಒಳಗೆ ಹೋಗುವಾಗ ಕೆಂಚ ಕುಂಯ್ ಅಂದ, ಮುಳ್ಳು ಚುಚ್ಚಿದಾಗ ಅನ್ನೋ ಹಾಗೆ. "ಆಯ್ತು ಮಗ, ಆಯ್ತು" ಅಂತ ಸವರಿದಳು.

"ನಿನ್ನ ದನಿ ಸಾಕು ಅಂತಿದ್ದೆಯಲ್ಲ ತಾಯಿ?" ಅಂತ ದೊರೆ ರೇಗಿಸಿದ.

"ಕೆಂಚನಿಗೆ ಸಾಕು ಬುದ್ಧೀ," ಅಂದಳು ಅವಳು. "ಅವನಿಗೆ ನಾನು ಗೊತ್ತು. ಊರಿಗೂ ಗೊತ್ತಾಗಬೇಕಲ್ಲ, ಅದಕ್ಕೆ ಮಣಿ."

ಶಂಖ ಹಿಡಿದರು. "ಸಿರಿಯವ್ವ" ಅಂದಿತು ಮಣಿ. ಆ ಸಂಜೆ ತೋಳ ಮಂದೆ ಕಡೆ ಬಂದು, ಕೆಂಚನ ಬೊಗಳು ಕೇಳಿ, ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು.

ನೀತಿ ಏನು ಗೊತ್ತಾಯ್ತಾ ಮಕ್ಕಳೇ? ಪ್ರೀತಿ ಇದೆ ಅಂತ ಗುರುತು ಬೇಡ ಅನ್ನಬಾರದು. ಗುರುತು ಬಂತು ಅಂತ ನಿಜ ವಿಚಾರಿಸೋದನ್ನ ಬಿಡಬಾರದು. ಮೊದಲು ನಿಜ, ಆಮೇಲೆ ಮುದ್ರೆ. ಮೋಸಗಾರನಿಗೆ ಈ ಎರಡರ ನಡುವೆ ಜಾಗ ಕೊಡಬಾರದು.

ಏಳಿ ಇನ್ನ, ಊಟದ ಹೊತ್ತಾಯ್ತು. ಬಾಗಿಲಲ್ಲಿ ಒಬ್ಬ ಬಾಲ ಅಲ್ಲಾಡಿಸ್ತಾ ಕಾಯ್ತಾ ಇದ್ದಾನೆ. ಮೊದಲ ತುತ್ತು ಯಾರಿಗೆ ಅಂತ ನಾನು ಹೇಳಬೇಕಾ?