ಕೇಳಲು ಬಂದವಳು

“ಅಯ್ಯನವರೇ, ಒಬ್ಬಾಂವ ದೇವರನ್ನ ಯಾಕ ಹಿಂಗ ಮಾಡಿದಿ ಅಂತ ಕೇಳಿದ್ರ, ಅದು ಪಾಪೇನ್ರಿ?”

ಪ್ರಭುದಾಸ ಕೇಳಿದ್ದು ಇಷ್ಟೇ. ಅದನ್ನೂ ‘ಒಬ್ಬಾಂವ’ ಎಂದು ಸೇರಿಸಿ ಕೇಳಿದ. ಆ ಒಬ್ಬ ಯಾರೆಂಬುದು ಊರಿನ ಕ್ರೈಸ್ತ ಸಭೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಮೂರು ತಿಂಗಳ ಹಿಂದೆ ಅವನ ಹೆಂಡತಿ ರೂತ ಜ್ವರದಲ್ಲಿ ತೀರಿಕೊಂಡಿದ್ದಳು. ಅವಳಿಗಾಗಿ ಸಭೆಯೆಲ್ಲ ಉಪವಾಸವಿದ್ದು ಪ್ರಾರ್ಥಿಸಿತ್ತು. ಆದರೂ ಉಳಿಯಲಿಲ್ಲ. ಮಣ್ಣು ಮಾಡಿ ಬಂದವರು ಕೈಕಾಲು ತೊಳೆಯುವ ಮೊದಲೇ ಬುದ್ಧಿ ಹೇಳತೊಡಗಿದರು. ದೇವರ ಚಿತ್ತ ಎಂದರು, ಎಲ್ಲ ಒಳ್ಳೆಯದಕ್ಕೇ ಎಂದರು, ಪ್ರಶ್ನೆ ಮಾಡಿದರೆ ವಿಶ್ವಾಸ ಸಡಿಲಾಗುತ್ತದೆ ಎಂದರು. ಉಪದೇಶಿಯ ಕೆಲಸ ಕಲಿಯುತ್ತಿದ್ದ ಪ್ರಭುದಾಸ ಎಲ್ಲದಕ್ಕೂ ತಲೆಯಾಡಿಸಿದ. ಅಂದಿನಿಂದ ಅವನು ಸಭೆಯಲ್ಲಿ ಮಾಡುವ ಪ್ರಾರ್ಥನೆ ಬಹಳ ಚೆನ್ನಾಗಿತ್ತು. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ಹಿರಿಯರು ಮೆಚ್ಚಿಕೊಂಡರು. ಅವನಿಗೆ ಮಾತ್ರ ಬೇರೆ ಯಾರದೋ ಅರ್ಜಿಯನ್ನು ಓದಿ ಹೇಳಿದಂತೆ ಆಗುತ್ತಿತ್ತು. ಬರುವ ರವಿವಾರ ಅವನನ್ನು ಉಪದೇಶಿಯಾಗಿ ನೇಮಿಸುವವರಿದ್ದರು. ಅದರೊಳಗೆ ತನಗೆ ಈ ಕೆಲಸ ಬೇಡವೆಂದು ಹೇಳಿಬಿಡಲು ಅವನು ಅಯ್ಯನವರ ಬಳಿಗೆ ಬಂದಿದ್ದ. ಹೇಳಲು ಬಾಯಿ ಬಾರದೆ ಪ್ರಶ್ನೆ ಕೇಳಿದ.

ಆಮೋಸ ಅಯ್ಯನವರು ಆ ಸಭೆಯ ಮುದಿ ಪಾಲಕರು. ಅವರದು ಮಾತು ಕಡಿಮೆ, ಸಿಟ್ಟು ಮೂಗಿನ ತುದಿಯಲ್ಲಿ. ಅವರು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಅವನನ್ನು ಕೂಡಿಸಿ ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಹೆಂಡತಿ ಸತ್ತಿದ್ದಳು, ಆರು ವರ್ಷದ ಮಗಳೊಬ್ಬಳೇ ಅವನಿಗೆ ದಿಕ್ಕು. ಎತ್ತುಗಳ ಮೇಲೆ ಸರಕು ಹೇರಿಕೊಂಡು ಊರೂರು ತಿರುಗುವಾಗ ಅವಳನ್ನೂ ಕರೆದೊಯ್ಯುತ್ತಿದ್ದ. ಒಮ್ಮೆ ಹಾದಿಯಲ್ಲಿ ಮಗುವಿಗೆ ಜ್ವರ ಬಂತು. ಅವಳನ್ನು ಒಂದು ಛತ್ರದಲ್ಲಿ ಮಲಗಿಸಿ, ಅಲ್ಲಿಯ ಮುದುಕಿಗೆ ಒಪ್ಪಿಸಿ, ಸಂಜೆಗೆ ಬರುತ್ತೇನೆ ಎಂದು ಹೇಳಿ ಹೋದ. ಸಂಜೆಗೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಜ್ವರ ಇಳಿದ ಮಗು ಎಂಟು ದಿನ ಛತ್ರದ ಕಟ್ಟೆಯ ಮೇಲೆ ಕುಳಿತು ಹಾದಿ ನೋಡಿತು. ಸಾಕುವ ಶಕ್ತಿ ಮುದುಕಿಗೆ ಇರಲಿಲ್ಲ. ಆ ದಾರಿಯಲ್ಲಿ ಬಂದ ಕಲ್ಲು ಒಡೆಯುವ ಜನ ಮಗುವನ್ನು ಕರೆದುಕೊಂಡು ಹೋದರು. ವ್ಯಾಪಾರಿ ಬಂದಾಗ ಕಟ್ಟೆ ಖಾಲಿಯಿತ್ತು.

ಅವನು ಯಾಕೆ ಬರಲಿಲ್ಲ ಎಂಬ ಮಾತು ಪ್ರಭುದಾಸನ ನಾಲಗೆಯ ತುದಿಗೆ ಬಂತು. ಅಯ್ಯನವರ ಕತೆಯ ನಡುವೆ ಬಾಯಿ ಹಾಕಿ ಉಳಿದವರು ಯಾರೂ ಇರಲಿಲ್ಲವಾದ್ದರಿಂದ ನುಂಗಿಕೊಂಡ.

ವ್ಯಾಪಾರಿ ಮಗಳನ್ನು ವರ್ಷಗಟ್ಟಲೆ ಹುಡುಕಿದ. ಕೊನೆಗೆ ಸಂತೆಯೂರುಗಳಲ್ಲೆಲ್ಲ ಡಂಗುರ ಹೊಡೆಸಿದ. ನನ್ನ ಮಗಳು ಎಲ್ಲಿದ್ದರೂ ಮನೆಗೆ ಬರಲಿ, ನಾನು ಇಲ್ಲಿಯೇ ಇದ್ದೇನೆ ಎಂದು ಸಾರಿಸಿದ.

ಆ ಮನೆಗೆ ಒಬ್ಬ ಕಾರಭಾರಿ ಇದ್ದ. ಬರಹೋಗುವವರನ್ನು ನೋಡಿಕೊಳ್ಳುವ ಕೆಲಸ ಅವನದು. ಕೆಟ್ಟವನಲ್ಲ. ಧಣಿಯ ಮೇಲೆ ಪ್ರಾಣವನ್ನೇ ಇಟ್ಟಿದ್ದ, ತೊಂದರೆಯಾದದ್ದೂ ಅದರಿಂದಲೇ. ಧಣಿಯ ಮನಸ್ಸು ನೋಯಬಾರದೆಂದು ಅವನು ತಾನೇ ಒಂದು ನೇಮ ಮಾಡಿದ. ಬಂದವಳು ತಲೆಯ ಮೇಲೆ ಸೆರಗು ಹೊದೆಯಬೇಕು, ಬಾಗಿ ನಮಸ್ಕರಿಸಬೇಕು, ಮೆತ್ತಗೆ ಮಾತಾಡಬೇಕು. ಛತ್ರದ ಸುದ್ದಿ ಎತ್ತಕೂಡದು. ಇಂಥ ನೇಮವನ್ನು ಧಣಿ ಕೇಳಿರಲಿಲ್ಲ. ಅದು ಅವನಿಗೆ ಗೊತ್ತೂ ಇರಲಿಲ್ಲ.

ಹುಡುಗಿಯರು ಬಂದರು. ವ್ಯಾಪಾರಿ ಪ್ರತಿಯೊಬ್ಬಳನ್ನೂ ಎದುರಿಗೆ ಕೂಡಿಸಿಕೊಂಡು, ನನಗೆ ಹೇಳುವುದೇನಾದರೂ ಇದೆಯೇ ಎಂದು ಕೇಳುತ್ತಿದ್ದ. ಒಬ್ಬಳು ತಮ್ಮ ದಯದಿಂದ ನನಗೆ ಯಾವ ಕೊರತೆಯೂ ಇಲ್ಲ ಎಂದಳು. ಇನ್ನೊಬ್ಬಳು ತಾವು ಮಾಡಿದ್ದೆಲ್ಲ ನನ್ನ ಒಳ್ಳೆಯದಕ್ಕೇ ಎಂದಳು. ಮತ್ತೊಬ್ಬಳು ಅವನ ಹೆಸರಿನ ಮೇಲೆ ಹಾಡು ಕಟ್ಟಿಕೊಂಡೇ ಬಂದಿದ್ದಳು. ವ್ಯಾಪಾರಿ ಎಲ್ಲರಿಗೂ ಉಣ್ಣಲಿಕ್ಕಿ, ಸೀರೆ ಕುಪ್ಪಸ ಕೊಟ್ಟು, ಉಡಿ ತುಂಬಿಸಿ ಕಳಿಸಿದ. ಕಾರಭಾರಿ ತಲೆ ಕೆರೆದುಕೊಂಡ. ಇಷ್ಟು ವಿನಯದ ಮಕ್ಕಳಲ್ಲಿ ಧಣಿಗೆ ಏನು ಕಡಿಮೆ ಕಂಡಿತೋ ಅವನಿಗೆ ತಿಳಿಯಲಿಲ್ಲ.

ಒಂದು ದಿನ ಕಲ್ಲು ಒಡೆಯುವವರ ಪೈಕಿಯ ಹೆಂಗಸೊಬ್ಬಳು ಬಂದಳು. ಅಂಗೈ ತುಂಬ ದಡ್ಡು, ಕಾಲ ತುಂಬ ಧೂಳು. ಕಾರಭಾರಿ ತನ್ನ ನೇಮಗಳನ್ನು ಒಂದೊಂದಾಗಿ ಹೇಳಿದ. ಅವಳು ಪೂರ್ತಿ ಕೇಳಿದಳು.

“ನಾ ಕೈ ಮುಗಿಯಾಕ ಬಂದಿಲ್ಲ,” ಎಂದಳು. “ಸಂಜೀಗೆ ಬರ್ತೀನಿ ಅಂದಾಂವ ಯಾಕ ಬರಲಿಲ್ಲ ಅಂತ ಕೇಳಾಕ ಬಂದೀನಿ.”

ಕಾರಭಾರಿಯ ಮೈ ಉರಿದುಹೋಯಿತು. ಮಗಳೆಂದು ಹೇಳಿಕೊಂಡು ಬಂದವಳು ತಂದೆಯನ್ನು ಕಟಕಟೆಗೆ ಹತ್ತಿಸಿದ್ದನ್ನು ಅವನು ಎಲ್ಲಿಯೂ ಕಂಡಿರಲಿಲ್ಲ. ಬಾಗಿಲು ಹಾಕಿದ. ಅವಳು ಹೋಗಲಿಲ್ಲ. ಬಾಗಿಲಿಗೆ ಎದುರಾಗಿ ನೆಲದ ಮೇಲೆ ಕುಳಿತಳು. ಯಾರಾದರೂ ಬಂದು ಬಾಗಿಲು ತೆರೆದಾಗಲೆಲ್ಲ ಅದೇ ಪ್ರಶ್ನೆಯನ್ನು ಒಳಗೆ ಕೇಳುವಂತೆ ಕೂಗಿದಳು. ಮೂರು ದಿನ ಹೀಗೆ ನಡೆಯಿತು. ನೀರಿಗೆ ಹೋಗುವ ಹೆಂಗಸರು ಅವಳ ಮೇಲಿನ ಕನಿಕರದಿಂದಲೇ ಬುದ್ಧಿ ಹೇಳಿದರು. ಸುಮ್ಮನೆ ನಾಲ್ಕು ಒಳ್ಳೆಯ ಮಾತಾಡಿ ಒಳಗೆ ಹೋಗು, ಕೇಳುವುದನ್ನು ಆಮೇಲೆ ಕೇಳಿದರಾಯಿತು ಎಂದರು.

“ಸುಳ್ಳು ಹೇಳಿ ಒಳಗ ಹೋದ್ರ,” ಎಂದಳು ಅವಳು, “ಒಳಗ ಹೋದಾಕಿ ನಾ ಅಲ್ಲ.”

ಪ್ರಭುದಾಸ ಮುಖ ತಿರುಗಿಸಿದ. ಮೂರು ತಿಂಗಳಿಂದ ದೇವರ ಮುಂದೆ ಹೋಗಿ ಬರುತ್ತಿದ್ದವನು ತಾನಲ್ಲ ಎಂದು ಅವನಿಗೆ ಅನ್ನಿಸಿತು. ನಾಚಿಕೆಯಾಯಿತು. ಅದರ ಬೆನ್ನಿಗೇ ಸಿಟ್ಟು ಬಂತು, ಇಷ್ಟು ದಿನ ತಡೆದಿಟ್ಟ ಸಿಟ್ಟು.

ನಾಲ್ಕನೆಯ ದಿನ ವ್ಯಾಪಾರಿ ಊಟಕ್ಕೆ ಕುಳಿತಿದ್ದಾಗ ಆ ಕೂಗು ಅವನ ಕಿವಿಗೆ ಬಿತ್ತು. ಯಾರದೆಂದು ಕೇಳಿದ. ಬಾಯಿಬಡುಕಿ ಒಬ್ಬಳು ಬಂದು ಕುಳಿತಿದ್ದಾಳೆ, ಸಂಜೆಗೆ ಬರುತ್ತೇನೆ ಎಂದವನು ಯಾಕೆ ಬರಲಿಲ್ಲ ಎಂದು ಬೊಬ್ಬೆ ಹೊಡೆಯುತ್ತಿದ್ದಾಳೆ, ಧಣಿ ಮನಸ್ಸಿಗೆ ಹಚ್ಚಿಕೊಳ್ಳಬಾರದು ಎಂದು ಕಾರಭಾರಿ ಹೇಳಿದ. ವ್ಯಾಪಾರಿ ಬಾಯಿಗೆ ಒಯ್ದ ತುತ್ತನ್ನು ತಾಟಿಗೆ ಬಿಟ್ಟು ಎದ್ದ. ಕೈ ತೊಳೆಯಲಿಲ್ಲ, ಕಾಲಿಗೆ ಮೆಟ್ಟು ಹಾಕಲಿಲ್ಲ, ಹಾಗೆಯೇ ಬೀದಿಗೆ ಬಂದ. ಅವಳು ಎದ್ದು ನಿಂತಳು. ಬಾಗಲಿಲ್ಲ, ಹಿಂದೆ ಸರಿಯಲಿಲ್ಲ.

“ನೀ ಸಂಜೀಗೆ ಬರ್ತೀನಿ ಅಂದಿ. ಎಂಟು ದಿನ ಕಟ್ಟಿ ಮ್ಯಾಲೆ ಕುಂತೆ. ಯಾಕ ಬರಲಿಲ್ಲ?”

ಕಾರಭಾರಿ ಅವಳನ್ನು ತಳ್ಳಲು ಕೈ ಎತ್ತಿದ. ವ್ಯಾಪಾರಿ ಆ ಕೈ ಹಿಡಿದುಕೊಂಡ. ಇವಳೇ ಮಗಳೆಂದು ಧಣಿ ಹೇಗೆ ನಂಬುತ್ತಾರೆ, ಅಷ್ಟೊಂದು ಪ್ರೀತಿ ತೋರಿಸಿದವರನ್ನೆಲ್ಲ ತಿರುಗಿ ಕಳಿಸಿದರಲ್ಲ ಎಂದು ಕಾರಭಾರಿ ಅಳುವ ದನಿಯಲ್ಲಿ ಕೇಳಿದ.

“ಅವರ್ಯಾರೂ ನನ್ನ ಹಾದಿ ಕಾದಿರಲಿಲ್ಲ,” ಎಂದ ವ್ಯಾಪಾರಿ.

ಆಮೇಲೆ ಅವನು ಅವಳನ್ನು ಒಳಗೆ ಕರೆದ. ಉತ್ತರ ಸಿಗದೆ ಹೊಸ್ತಿಲು ದಾಟುವುದಿಲ್ಲ ಎಂದು ಅವಳು ನಿಂತಳು. ಒಳಗೆ ಬಂದೇ ಕೇಳು, ಎಷ್ಟು ಬೇಕಾದರೂ ಕೇಳು, ನಾನು ಎಲ್ಲಿಗೂ ಹೋಗುವುದಿಲ್ಲ ಎಂದು ಅವನು ಹೇಳಿದ. ಅವಳು ಧೂಳುಗಾಲಲ್ಲೇ ನಡುಮನೆಗೆ ಹೋಗಿ ನಿಂತು ಕೇಳಿದಳು. ಜ್ವರದ ಬಗ್ಗೆ ಕೇಳಿದಳು, ಎಂಟು ದಿನಗಳ ಬಗ್ಗೆ ಕೇಳಿದಳು, ಒಡೆದ ಕಲ್ಲುಗಳ ಬಗ್ಗೆ ಕೇಳಿದಳು. ಒಂದು ವರ್ಷವನ್ನೂ ಬಿಡಲಿಲ್ಲ. ಬಾಗಿಲಲ್ಲಿ ನಿಂತ ಕಾರಭಾರಿಗೆ ಅವಳ ದನಿ ಬಹಳ ಹೊತ್ತು ಕೇಳಿಸುತ್ತಿತ್ತು. ಕಡೆಗೆ ಅದು ನಿಂತಿತು. ತಂದೆ ಮಾತಾಡತೊಡಗಿದ. ಅವನದು ಸಣ್ಣ ದನಿ. ಅದು ಬಾಗಿಲವರೆಗೆ ಬರಲಿಲ್ಲ.

ಅಯ್ಯನವರು ಅಲ್ಲಿಗೆ ನಿಲ್ಲಿಸಿದರು.

ಪ್ರಭುದಾಸ ಕಾದ. ಅವರು ಮುಂದುವರಿಸುವ ಹಾಗೆ ಕಾಣಲಿಲ್ಲ. ಅವನು ಎದ್ದು ನಿಂತಿದ್ದ, ಯಾವಾಗ ಎದ್ದನೋ ಅವನಿಗೇ ತಿಳಿದಿರಲಿಲ್ಲ.

“ಅಪ್ಪ ಏನಂದನ್ರಿ? ಯಾಕ ಬಂದಿರಲಿಲ್ಲಂತ? ನನಗ ಹೇಳ್ರಿ.”

ಸಭೆಯಲ್ಲಿ ಯಾರೂ ಅವನಿಂದ ಕೇಳದ ದನಿ ಅದು. ಅಯ್ಯನವರು ಅವನ ಮುಖವನ್ನೇ ನೋಡಿದರು.

“ನಾ ಬಾಗಿಲದಾಗ ನಿಂತಾಂವಪಾ, ನನಗೇನು ಗೊತ್ತು? ಕೇಳೂದಿದ್ರ ಒಳಗ ಹೋಗಿ ಕೇಳು.”

ಪ್ರಭುದಾಸ ಪ್ರಾರ್ಥನಾ ಮಂದಿರದ ಬಾಗಿಲು ತೆರೆದು ಒಳಗೆ ಹೋದ.