ಬೂಟಿನಲ್ಲಿ ತಂದ ಮಣ್ಣು

ಸ್ಕಾಟ್ಲೆಂಡ್ ಇನ್ನೂ ಒಂದು ದೇಶವಾಗಿ ಕೂಡಿಕೊಳ್ಳದಿದ್ದ ಕಾಲ. ಮಾರ್ಸಲಿ ಎಂಬ ರಾಣಿಗೆ ಆಗಷ್ಟೇ ಪಟ್ಟವಾಗಿತ್ತು. ಪಟ್ಟವೇನೋ ಆಯಿತು, ನೆಮ್ಮದಿ ಎಲ್ಲಿಂದ ಬರಬೇಕು? ಶತ್ರುಸೈನ್ಯ ನದಿಯ ಆಚೆ ದಡಕ್ಕೆ ಬಂದು ಕೂತಿತ್ತು. ಏಳು ಸೀಮೆಯ ಏಳು ಪಾಳೆಯಗಾರರು ರಾಣಿಗೆ ನಿಷ್ಠೆಯ ಪ್ರಮಾಣ ಮಾಡಿದರೆ ಏಳು ಪಡೆಯೂ ಒಂದಾಗಿ ನದಿ ಕಾಯಬಹುದು. ಇಲ್ಲವಾದರೆ ರಾಜ್ಯ ಕೈತಪ್ಪಿದಂತೆಯೇ.

ಆದರೆ ಅವರದೊಂದು ಪದ್ಧತಿ ಇತ್ತು. ಸ್ವಂತ ನೆಲದ ಮೇಲೆ ನಿಂತರೆ ಮಾತ್ರ ಪ್ರಮಾಣ! ಅದಕ್ಕೇ ಒಬ್ಬೊಬ್ಬರೂ ತಮ್ಮ ಸೀಮೆಯ ಮಣ್ಣನ್ನು ಬೂಟಿನೊಳಗೆ ತುಂಬಿಕೊಂಡು ಕುಂಟುತ್ತಾ ರಾಣಿಯಿದ್ದ ಗುಡ್ಡ ಹತ್ತಿ ಬಂದರು. ಬೂಟು ಕಳಚಿ ಕೊಡವಿದರು. ಏಳು ಪುಟ್ಟ ಗುಡ್ಡೆಗಳಾದವು. ಸದ್ಯ, ಇಲ್ಲಿವರೆಗಾದರೂ ಬಂದರಲ್ಲ ಎಂದು ರಾಣಿ ನಿರಾಳವಾಗಿ ಉಸಿರು ಬಿಟ್ಟಳು.

ಎಲ್ಲಿಯ ಪ್ರಮಾಣ! ಶುರುವಾಯಿತು ಜಗಳ.

"ಟಾರ್ಕಿಲ್‌ನ ಗುಡ್ಡೆ ನನ್ನದಕ್ಕೆ ತಾಗಿದೆ, ಆಚೆ ಸರಿಸಲಿ!" ಎಂದ ಲಾಕ್ಲನ್ ಎಂಬ ಪಾಳೆಯಗಾರ.

"ನಾನ್ಯಾಕೆ ಸರಿಸಲಿ? ನೀನು ತಂದಿರುವುದೇ ನಮ್ಮ ಕಣಿವೆಯಿಂದ ಕದ್ದ ಮಣ್ಣು!" ಎಂದ ಟಾರ್ಕಿಲ್.

ಮೂರನೆಯವನು ಹಗ್ಗ ತೆಗೆದು ಅಳೆಯತೊಡಗಿದ. ಬೊಗಸೆ ಮಣ್ಣಿಗೂ ಒಂದು ಎಲ್ಲೆ ಬೇಕಂತೆ ಮಹಾರಾಯನಿಗೆ! ಮೊದಲು ಪ್ರಮಾಣ ಮಾಡಿ ಎಂದು ರಾಣಿ ಎಷ್ಟು ಹೇಳಿದರೂ ಯಾರೂ ಕಿವಿಗೊಡಲಿಲ್ಲ.

ಅಷ್ಟರಲ್ಲಿ ಕಾವಲಿನವನು ಏದುಸಿರು ಬಿಡುತ್ತಾ ಓಡಿಬಂದ. "ಮಹಾರಾಣಿ, ಶತ್ರುಗಳು ದೋಣಿ ಇಳಿಸುತ್ತಿದ್ದಾರೆ!"

"ತಡಿಯಪ್ಪಾ, ಮೊದಲು ಈ ಎಲ್ಲೆ ತೀರ್ಮಾನವಾಗಲಿ" ಎಂದ ಲಾಕ್ಲನ್.

ರಾಣಿಗೆ ತಲೆ ಚಿಟ್ಟು ಹಿಡಿದುಹೋಯಿತು. "ಅಯ್ಯೋ ನಿಮ್ಮ! ಹೇಳಿ ಹೇಳಿ ನನ್ನ ಗಂಟಲೇ ಒಣಗಿತಲ್ಲರೀ!" ಎನ್ನುತ್ತಾ ಮಂಡಿಯೂರಿ ಕೂತಳು. ಏಳೂ ಗುಡ್ಡೆಗಳನ್ನು ಎರಡು ಕೈಯಲ್ಲಿ ಬಾಚಿ ಎಳೆದು, ಹಿಟ್ಟು ಕಲಸುವ ಹಾಗೆ ಕಲಸಿಬಿಟ್ಟಳು.

ಏಳೂ ಜನ ಹೌಹಾರಿದರು. "ಮಹಾರಾಣಿ! ಇದರಲ್ಲಿ ನಮ್ಮ ಮಣ್ಣು ಯಾವುದು?"

"ಆರಿಸಿಕೊಳ್ಳಿ ಸ್ವಾಮಿ, ಪುರುಸೊತ್ತಿದ್ದರೆ!"

ಲಾಕ್ಲನ್ ನಿಜವಾಗಿಯೂ ಕುಕ್ಕರಗಾಲಲ್ಲಿ ಕೂತು ಆರಿಸಲು ನೋಡಿದ. ಒಂದು ಚಿಟಿಕೆ ಮೂಸಿದ. ಏನೂ ತಿಳಿಯಲಿಲ್ಲ. ಪೆಚ್ಚುಮೋರೆ ಹಾಕಿಕೊಂಡು ಕೇಳಿದ: "ಹಾಗಾದರೆ ನಾನು ಎಲ್ಲಿ ನಿಲ್ಲಲಿ?"

"ಎಲ್ಲಿ ಬೇಕಾದರೂ ನಿಲ್ಲಿ. ಎಲ್ಲಿ ನಿಂತರೂ ಕಾಲ ಕೆಳಗೆ ನಿಮ್ಮ ಮಣ್ಣೂ ಇದೆ, ಟಾರ್ಕಿಲ್‌ನ ಮಣ್ಣೂ ಇದೆ."

ಲಾಕ್ಲನ್ ನಿಂತ. ಅವನಿಗೆ ಅಂಟಿಕೊಂಡೇ ಟಾರ್ಕಿಲ್ ನಿಂತ. ಜಾಗ ಸಾಲದೆ ಏಳೂ ಜನ ಒಬ್ಬರ ಹೆಗಲು ಒಬ್ಬರು ಹಿಡಿದುಕೊಂಡು ಒಂದೇ ಉಸಿರಿಗೆ ಪ್ರಮಾಣ ಮಾಡಿದರು. ಬೂಟು ಮೆಟ್ಟಲೂ ಪುರುಸೊತ್ತಿಲ್ಲದೆ ಬರಿಗಾಲಲ್ಲೇ, ಗುಡ್ಡದ ಕೆಳಗೆ ಕಾದಿದ್ದ ತಂತಮ್ಮ ಪಡೆಗಳನ್ನು ಕರೆದುಕೊಂಡು ನದಿಗೆ ಓಡಿದರು. ಏಳು ಬಾವುಟಗಳು ಒಂದೇ ದಡದಲ್ಲಿ ನಿಂತಿದ್ದನ್ನು ಕಂಡು ಶತ್ರುಗಳ ದೋಣಿಗಳು ನಡುನೀರಿನಿಂದಲೇ ಹಿಂದಿರುಗಿದವು.

ನೀತಿ: ತನ್ನ ಪಾಲಿನ ಮಣ್ಣಿಗೆ ಗೆರೆ ಎಳೆಯುತ್ತಾ ಕೂತವನಿಗೆ ಆ ಮಣ್ಣೂ ಉಳಿಯುವುದಿಲ್ಲ. ಅದನ್ನು ಪಕ್ಕದವನ ಮಣ್ಣಿನೊಂದಿಗೆ ಕಲಸಲು ಒಪ್ಪಿದ ದಿನವೇ ಅವನಿಗೊಂದು ದೇಶ ಸಿಗುತ್ತದೆ.